ಮಾಳಿಗೆಯಿಂದ ಇಳಿಯುವ ಬಿಸಿಲು

ಕಳೆದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ದಾದಿ ನಮಾಜಿಗೆಂದು ಎದ್ದವರು ಗೋಡೆ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟರು. (ಕನ್ನಡದಲ್ಲಿ ದಾದಿ ಎಂದರೆ ನರ್ಸ್. ನಮ್ಮ ಮನೆಯಲ್ಲಿ ಅಬ್ಬಾ ಅವರ ತಾಯಿ. ಪ್ರಬಂಧದಲ್ಲಿ ಮೊದಲ ಸಲ ಹೀಗೆ ಬರೆದಾಗ ಕನ್ನಡ ಮೇಡಂ ಕೆಂಪು ಗೆರೆ ಎಳೆದಿದ್ದರು.) ಮಾತು ತೊದಲುತ್ತಿತ್ತು, ಮೈ ಸುಡುತ್ತಿತ್ತು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಎರಡು ಬಾಟಲಿ ಸಲೈನ್ ಏರಿಸಿದ ಮೇಲೆ ಸಂಜೆ ಹೊತ್ತಿಗೆ ನನ್ನ ಹೆಸರು ಹಿಡಿದು ಕರೆದರು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಬಿಸಿಲಲ್ಲಿ ಎಲ್ಲಿಗೆ ಹೋಗಿದ್ದರು?" ಎಲ್ಲಿಗೂ ಹೋಗಿಲ್ಲ, ಬೆಳಗಿನಿಂದ ಮನೆಯೊಳಗೇ ಇದ್ದರು ಎಂದು ಅಮ್ಮಿ ಹೇಳಿದರು. ಎರಡನೆಯ ಪ್ರಶ್ನೆ ನನಗೆ ವಿಚಿತ್ರ ಅನ್ನಿಸಿತು. "ಅವರು ಮಲಗುವ ಕೋಣೆಯ ಮೇಲೆ ಏನಿದೆ?" ಏನೂ ಇಲ್ಲ. ಬರೀ ಸ್ಲ್ಯಾಬ್, ಅದರ ಮೇಲೆ ಆಕಾಶ. ಅವರು ತಲೆಯಾಡಿಸಿ, ಬಿಪಿ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಿಗೆ ಇಂಥ ಕೋಣೆಯೇ ಬಿಸಿಲು ಎಂದರು.

ನಮ್ಮದು ಕಲಬುರಗಿ. ಏಪ್ರಿಲ್, ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಆ ಎರಡು ತಿಂಗಳು ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಅಡುಗೆಮನೆಯ ವೇಳೆ ಮಾತ್ರ ಯಾರೂ ಬದಲಿಸುವುದಿಲ್ಲ. ನಮ್ಮ ಅಡುಗೆಮನೆ ಹಿಂದುಗಡೆ ಪತ್ರಾಸಿನ ಕೆಳಗಿದೆ. ಅಲ್ಲಿ ನಿಂತು ರೊಟ್ಟಿ ಮಾಡುವಾಗ ಅಮ್ಮಿ, "ಸರ್ ಪೊ ತವಾ ರಖೇ ಸರೀಖಾ ಹೈ" ಎನ್ನುತ್ತಾರೆ. ತಲೆಯ ಮೇಲೊಂದು ತವಾ ಇಟ್ಟ ಹಾಗಿದೆ ಎಂದು. ಅದು ಬರೀ ಮಾತಲ್ಲ, ಲೆಕ್ಕಕ್ಕೂ ಸರಿಹೊಂದುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ.

ನಾನು ವಾಣಿಜ್ಯ ವಿಭಾಗದವಳು. ವಿಜ್ಞಾನ ಓದಿದ್ದು ಹತ್ತನೆಯ ತರಗತಿಯವರೆಗೆ. ಆದರೂ ಉಷ್ಣವಹನದ ಪಾಠ ಎಲ್ಲರಿಗೂ ನೆನಪಿರುತ್ತದೆ. ಬಿಸಿ ಯಾವಾಗಲೂ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ನಡುವೆ ಇರುವ ವಸ್ತು ಅದನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎಂಬುದೇ ಅದರ ಉಷ್ಣವಾಹಕತೆ. ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್ ಇದರ ಪಟ್ಟಿಯೊಂದನ್ನು ತೋರಿಸಿದರು. ಕಬ್ಬಿಣ ಸೇರಿದ ಕಾಂಕ್ರೀಟಿಗೆ ಸುಮಾರು 1.6, ಸುಟ್ಟ ಇಟ್ಟಿಗೆಗೆ ಸುಮಾರು 0.8, ಥರ್ಮೋಕೋಲಿಗೆ 0.035, ಅಲುಗಾಡದೆ ನಿಂತ ಗಾಳಿಗೆ 0.026. ಅಂದರೆ ಒಂದು ಇಂಚು ಥರ್ಮೋಕೋಲ್ ತಡೆಯುವಷ್ಟು ಬಿಸಿಯನ್ನು ಕಾಂಕ್ರೀಟ್ ತಡೆಯಬೇಕಾದರೆ ಅದು ಮೂರೂವರೆ ಅಡಿಗಿಂತ ದಪ್ಪ ಇರಬೇಕು. ನಮ್ಮ ಸ್ಲ್ಯಾಬ್ ಆರು ಇಂಚೂ ಇಲ್ಲ. ಪತ್ರಾಸಿನ ದಪ್ಪವಂತೂ ಹೇಳುವುದೇ ಬೇಡ.

ನಮ್ಮ ಮಾಳಿಗೆ 20 ಅಡಿ ಉದ್ದ, 15 ಅಡಿ ಅಗಲ. ಸುಮಾರು 28 ಚದರ ಮೀಟರ್. ಬೇಸಿಗೆಯಲ್ಲಿ ಬರಿ ಸ್ಲ್ಯಾಬಿನ ಮೇಲ್ಮೈ 60 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಒಳಗೆ 35 ಇದೆ ಎಂದಿಟ್ಟುಕೊಂಡು ಸರ್ ಲೆಕ್ಕ ಹಾಕಿಸಿದರು. ಆ ಸ್ಲ್ಯಾಬಿನ ಮೂಲಕ ಒಳಗೆ ಇಳಿಯಬಹುದಾದ ಶಾಖ ಎರಡೂವರೆ ಸಾವಿರ ವ್ಯಾಟ್‌ನಷ್ಟು. ಮನೆಯ ಇಸ್ತ್ರಿ ಪೆಟ್ಟಿಗೆ ಸಾವಿರ ವ್ಯಾಟ್. ಎರಡೂವರೆ ಇಸ್ತ್ರಿ ಪೆಟ್ಟಿಗೆಗಳನ್ನು ತಲೆಕೆಳಗಾಗಿ ಛಾವಣಿಗೆ ತೂಗುಹಾಕಿ ಸ್ವಿಚ್ ಹಾಕಿದಂತೆ. ಇದು ಅಂದಾಜಿನ ಲೆಕ್ಕ, ಬಿಸಿಲು ಏರಿ ಇಳಿಯುವುದರಿಂದ ದಿನವಿಡೀ ಇಷ್ಟೇ ಇರುವುದಿಲ್ಲ ಎಂದೂ ಸರ್ ಎಚ್ಚರಿಸಿದರು. ಆದರೆ ಅಮ್ಮಿಯ ತವಾ ಮಾತು ಸುಳ್ಳಲ್ಲ.

ಇನ್ನೊಂದು ಸಂಗತಿ ಇದೆ. ಕಾಂಕ್ರೀಟ್ ಬಿಸಿಯನ್ನು ಕೂಡಲೇ ಕೆಳಗೆ ಬಿಡುವುದಿಲ್ಲ, ಒಳಗೆ ಕೂಡಿಟ್ಟುಕೊಳ್ಳುತ್ತದೆ. ಮಧ್ಯಾಹ್ನ ಎರಡಕ್ಕೆ ಮೇಲೆ ಬಿದ್ದ ಬಿಸಿಲು ನಾಲ್ಕು ಗಂಟೆ ಕಳೆದು, ಮಗ್ರಿಬ್ ಹೊತ್ತಿಗೆ ಕೆಳಗೆ ಬರುತ್ತದೆ. ಅಂಗಳದಲ್ಲಿ ಗಾಳಿ ತಣ್ಣಗಾಗುವ ಹೊತ್ತಿಗೆ ಕೋಣೆ ಸುಡಲು ಶುರುವಾಗುತ್ತದೆ. ಹಾಗಾಗಿ ಮನೆಯ ಪರೀಕ್ಷೆಯನ್ನು ಮಧ್ಯಾಹ್ನ ಮಾಡಬೇಡಿ, ರಾತ್ರಿ ಮಾಡಿ. ಒಂಬತ್ತು ಗಂಟೆಗೆ ಸ್ಟೂಲ್ ಹತ್ತಿ ಛಾವಣಿಗೆ ಅಂಗೈ ಒತ್ತಿ ನೋಡಿ. (ಫ್ಯಾನ್ ಆರಿಸಿದ ಮೇಲೆ.) ಅಂಗೈಗೆ ಬಿಸಿ ತಟ್ಟಿದರೆ ನಿಮ್ಮ ಮಾಳಿಗೆ ಬಿಸಿಲನ್ನು ರಾತ್ರಿಗೆ ಉಳಿತಾಯ ಖಾತೆಯಲ್ಲಿ ಇಟ್ಟಿದೆ ಎಂದರ್ಥ. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಬೀಸುವುದು, ಹಾಸಿಗೆ ದಿಂಬು ಮಲಗುವ ಮೊದಲೇ ಬೆಚ್ಚಗಿರುವುದು, ಪಶ್ಚಿಮದ ಗೋಡೆಗೆ ತಾಗಿಸಿಟ್ಟ ಗೋದ್ರೆಜ್ ಬೀರುವಿನ ಬಾಗಿಲು ಮುಟ್ಟಲಾಗದಷ್ಟು ಕಾದಿರುವುದು, ಇವೂ ಅದೇ ಮಾತನ್ನು ಹೇಳುತ್ತವೆ. ಎರಡು ಅಂತಸ್ತಿನ ಮನೆಯಾದರೆ ಮೇಲೊಮ್ಮೆ ಕೆಳಗೊಮ್ಮೆ ಕುಳಿತು ನೋಡಿದರೆ ಸಾಕು. ಚಳಿಗಾಲವೂ ಸುಳಿವು ಕೊಡುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಪತ್ರಾಸಿನ ಒಳಮೈಯಿಂದ ಹನಿ ಬೀಳುತ್ತಿದ್ದರೆ ಎಲ್ಲೋ ತೂತಾಗಿದೆ ಎಂದು ಡಾಂಬರು ಹಚ್ಚುತ್ತೇವೆ. ತೂತಲ್ಲ, ತಣ್ಣಗಾದ ತಗಡಿಗೆ ಅಡುಗೆಯ ಹಬೆ ತಾಗಿ ನೀರಾಗಿರುತ್ತದೆ. ನಾವು ಎರಡು ವರ್ಷ ಆ ಡಾಂಬರು ಹಚ್ಚಿದ್ದೇವೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಖಚಿತವಾದ ಸುಳಿವು ಬೇರೆ. ಮನೆಯವರು ಯಾವ ಕೋಣೆಯನ್ನು ಸುಮ್ಮನೆ ಬಿಟ್ಟುಬಿಟ್ಟಿದ್ದಾರೆ ಎಂದು ನೋಡಿ. ನಾವೆಲ್ಲ ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗುತ್ತಿದ್ದೆವು. ಮೊಣಕಾಲು ನೋವಿನ ದಾದಿಗೆ ಚಾಪೆಯ ಮೇಲೆ ಮಲಗಿ ಏಳಲು ಆಗುವುದಿಲ್ಲ, ಅವರ ಪಲಂಗ ಅಂಗಳದಲ್ಲಿ ಹಿಡಿಸುವುದಿಲ್ಲ. ಹೀಗಾಗಿ ನಾವು ಬಿಟ್ಟ ಕೋಣೆಯಲ್ಲಿ ಅವರೊಬ್ಬರೇ ಉಳಿದಿದ್ದರು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆಸ್ಪತ್ರೆಯಿಂದ ಬಂದ ವಾರವೇ ಅಬ್ಬಾ ಇನ್ನೊಂದು ಕೂಲರ್ ತರಲು ಹೊರಟರು. 9,000 ರೂಪಾಯಿ, ಕಂತಿನಲ್ಲಿ. ಆಗ ನಾನು ನೋಟ್‌ಬುಕ್ ತೆಗೆದೆ. 180 ವ್ಯಾಟಿನ ಕೂಲರ್ ದಿನಕ್ಕೆ 14 ಗಂಟೆ ಓಡಿದರೆ ಎರಡೂವರೆ ಯೂನಿಟ್, ತಿಂಗಳಿಗೆ 75 ಯೂನಿಟ್. ಈಗಿರುವ ಒಂದು ಕೂಲರ್‌ನಿಂದಲೇ ಬೇಸಿಗೆಯಲ್ಲಿ ನಾವು 190 ಯೂನಿಟ್ ಮುಟ್ಟುತ್ತೇವೆ. ಗೃಹಜ್ಯೋತಿಯಲ್ಲಿ ನಮ್ಮ ಪಾಲಿನ ಯೂನಿಟ್‌ಗಿಂತ ಹೆಚ್ಚಾದದ್ದಕ್ಕೆ ಮಾತ್ರ ಹಣ ಕಟ್ಟುತ್ತೇವೆ, ಆದರೆ 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಮ್ಮದೇ. 190ಕ್ಕೆ 75 ಕೂಡಿಸಿದರೆ 265. ಸಾವಿರದ ಐನೂರು ರೂಪಾಯಿ ದಾಟುತ್ತದೆ, ಕೂಲರ್‌ನ ಕಂತು ಬೇರೆ. ಇಷ್ಟೆಲ್ಲ ಕೊಟ್ಟ ಮೇಲೂ ಮಾಳಿಗೆಯಿಂದ ಶಾಖ ಇಳಿಯುತ್ತಲೇ ಇರುತ್ತದೆ. ತೂತಿರುವ ಕೊಡಕ್ಕೆ ನೀರು ತುಂಬಲು ಇನ್ನೊಂದು ನಲ್ಲಿ ಹಾಕಿಸಿದಂತೆ ಎಂದೆ. ಅಬ್ಬಾ ನನ್ನ ಮುಖ ನೋಡಿ, "ಫೀಸ್ ಕೊಟ್ಟದ್ದು ವಸೂಲಾಯಿತು" ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಮಾಮು ಬೇರೆ ಸಲಹೆ ಕೊಟ್ಟರು. ಅವರ ಹಳ್ಳಿಯ ಮನೆಯಲ್ಲಿ, ಅಂದರೆ ನಾನಿಯ ಮನೆಯಲ್ಲಿ, ಮಣ್ಣಿನ ಮಾಳಿಗೆ ಇದೆ. ದಪ್ಪ ಕಲ್ಲಿನ ಗೋಡೆ, ತೊಲೆ ಜಂತಿಯ ಮೇಲೆ ಒಂದಡಿಗೂ ಹೆಚ್ಚು ಮಣ್ಣು, ಮಳೆಗಾಲಕ್ಕೆ ಮೊದಲು ಮೇಲೊಂದು ಪದರ ಸವಳು ಮಣ್ಣು. ಮೇ ತಿಂಗಳಲ್ಲೂ ಮಧ್ಯಾಹ್ನ ಅಲ್ಲಿ ನಿದ್ದೆ ಬರುತ್ತದೆ. ಅಷ್ಟು ದಪ್ಪ ಮಣ್ಣನ್ನು ಬಿಸಿಲು ದಾಟುವಷ್ಟರಲ್ಲಿ ರಾತ್ರಿಯೇ ಆಗಿರುತ್ತದೆ. ಅದೇ ಮಣ್ಣು ಸ್ಲ್ಯಾಬಿನ ಮೇಲೆ ಹಾಕಿ ಎಂದರು ಮಾಮು. ನಮ್ಮ ಮಾಳಿಗೆಗೆ ಆರು ಇಂಚು ಹಸಿ ಮಣ್ಣು ಹಾಕಿದರೆ ತೂಕ ಏಳು ಟನ್ನಿಗೂ ಹೆಚ್ಚು. ಗೌಂಡಿ ಕೈಮುಗಿದ. ಹಳೆಯದೆಲ್ಲ ಒಳ್ಳೆಯದೇ ಇರಬಹುದು, ಆದರೆ ಅದನ್ನು ಹೊರುವ ಗೋಡೆಯೂ ಹಳೆಯದೇ ಬೇಕು.

ಕೊನೆಗೆ ನಾವು ಮಾಡಿದ್ದು ಸುಣ್ಣ ಹಚ್ಚುವ ಕೆಲಸ. ಮಾಳಿಗೆ ಗುಡಿಸಿ ತೊಳೆದು, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ, ಒಂದರ ಮೇಲೊಂದು ಎರಡು ಕೈ ಹಚ್ಚಿದೆವು. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಒಂಬತ್ತಕ್ಕೆ ಒಂದು ಕೈ ಮುಗಿಯುತ್ತದೆ. ಬ್ರಷ್ ಸೇರಿ ಖರ್ಚು 600 ರೂಪಾಯಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಸುಣ್ಣ ಶಾಖ ನಿರೋಧಕವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನಿರೋಧಕ ಎಂದರೆ ಬಂದ ಬಿಸಿಯನ್ನು ದಾರಿಯಲ್ಲಿ ತಡೆಯುವುದು. ಸುಣ್ಣ ಬಿಸಿಲನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತದೆ. ಸ್ಲ್ಯಾಬಿನ ಮೇಲ್ಮೈ 60ರ ಬದಲು 45ಕ್ಕೆ ನಿಂತರೆ, ಸರ್ ಹಾಕಿಸಿದ ಅದೇ ಲೆಕ್ಕದಲ್ಲಿ ಎರಡೂವರೆ ಸಾವಿರ ವ್ಯಾಟ್ ಸಾವಿರದ ಸುತ್ತಮುತ್ತ ಇಳಿಯುತ್ತದೆ. ಇದೇ ನಂಬಿಕೆಯಿಂದ ನಮ್ಮ ಗಡಿಯಾಚೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿದೆ. 2010ರ ಮೇ ತಿಂಗಳ ಬಿಸಿಗಾಳಿಗೆ ತುಂಬ ಜನರನ್ನು ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ಬಿಸಿಲಿನ ಕಾರ್ಯಯೋಜನೆ ಮಾಡಿಕೊಂಡಿತು. ಮುಂದೆ ಬಡವರ ಮನೆಗಳ ಮಾಳಿಗೆಗೆ ಬಿಳಿ ಬಣ್ಣ ಹಚ್ಚುವುದೂ ಅದರಲ್ಲಿ ಸೇರಿತು.

ಫ್ರಿಡ್ಜಿಗೆ ಹಾಕುವ, ವೈರ್ ಇರುವ ಒಂದು ಡಿಜಿಟಲ್ ಥರ್ಮಾಮೀಟರನ್ನು ಮೊದಲೇ ತಂದಿದ್ದೆ. ಅದರ ತುದಿಯನ್ನು ಟೇಪಿನಿಂದ ಛಾವಣಿಗೆ ಅಂಟಿಸಿ ರಾತ್ರಿ ಒಂಬತ್ತಕ್ಕೆ ಬರೆದುಕೊಳ್ಳುತ್ತಿದ್ದೆ. ಸುಣ್ಣಕ್ಕೆ ಮೊದಲು ಛಾವಣಿ 43, ಕೋಣೆ 37. ಸುಣ್ಣದ ನಂತರ, ಹೆಚ್ಚುಕಡಿಮೆ ಅಷ್ಟೇ ಬಿಸಿಲಿನ ದಿನ, ಛಾವಣಿ 38, ಕೋಣೆ 34.5. ಎರಡು ದಿನ ಒಂದೇ ರೀತಿ ಇರುವುದಿಲ್ಲವಾದ್ದರಿಂದ ಇದನ್ನು ಸಂಶೋಧನೆ ಎಂದು ಕರೆಯಲಾರೆ. ದಾದಿ ಮಾತ್ರ ಥರ್ಮಾಮೀಟರ್ ಕೇಳಲಿಲ್ಲ. ಎರಡನೆಯ ರಾತ್ರಿ ಬೀಸಣಿಗೆ ಎದೆಯ ಮೇಲಿಟ್ಟುಕೊಂಡು ನಿದ್ದೆಹೋಗಿದ್ದರು.

ಜೊತೆಗೆ ಬೆಳಿಗ್ಗೆ ಹತ್ತರ ಮೇಲೆ ಕಿಟಕಿ ಮುಚ್ಚಿ ಪರದೆ ಎಳೆದು, ರಾತ್ರಿ ಎಲ್ಲ ತೆರೆದಿಡುವ ಅಭ್ಯಾಸ ಮಾಡಿಕೊಂಡೆವು. ಕೂಲರ್ ಓಡುವಾಗ ಮಾತ್ರ ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು, ಇಲ್ಲದಿದ್ದರೆ ತೇವದ ಗಾಳಿ ಹೊರಹೋಗದೆ ಸೆಖೆಯಾಗುತ್ತದೆ. ಅಡುಗೆಮನೆಯ ಪತ್ರಾಸಿಗೆ ನಾಲ್ಕು ಇಂಚು ಕೆಳಗೆ ಬಿದಿರಿನ ತಟ್ಟಿ ಕಟ್ಟಿ, ನಡುವಿನ ಬಿಸಿ ಗಾಳಿ ಹೋಗಲು ಎರಡೂ ತುದಿ ತೆರೆದು ಬಿಟ್ಟೆವು. ಒಲೆಯಿಂದ ಅದನ್ನು ಸಾಕಷ್ಟು ದೂರ ನಿಲ್ಲಿಸಿದ್ದೇವೆ. ಕೆಲವರು ಅಲ್ಲಿ ಥರ್ಮೋಕೋಲ್ ಹಾಳೆ ಅಂಟಿಸುತ್ತಾರೆ. ದಯವಿಟ್ಟು ಬೇಡ, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಸಿಮೆಂಟ್ ಶೀಟಿನ ಮನೆಯವರು ಶೀಟಿಗೆ ತೂತು ಕೊರೆಯಬೇಡಿ, ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಸುಣ್ಣ ಮಳೆಗಾಲದಲ್ಲಿ ತೊಳೆದುಹೋಯಿತು. ಪ್ರತಿ ವರ್ಷ ಹಚ್ಚಬೇಕು. ನಮ್ಮ ಲೆಕ್ಕಶಾಸ್ತ್ರದ ಭಾಷೆಯಲ್ಲಿ ಇದು ರಾಜಸ್ವ ವೆಚ್ಚ. ಸ್ಲ್ಯಾಬಿನ ಮೇಲೆ ಎರಡು ಇಂಚು ನಿರೋಧಕ ಹಾಳೆ ಹಾಸಿ, ಅದರ ಮೇಲೆ ನೀರು ಸೋರದಂತೆ ಮಾಡಿ ಫರಸಿ ಕೂರಿಸುವುದು ಬಂಡವಾಳ ವೆಚ್ಚ. ಒಮ್ಮೆ ಮಾಡಿದರೆ ಬಹುಕಾಲ ಬರುತ್ತದೆ. ಹೊಸ ಮನೆ ಕಟ್ಟಿಸುವವರು ಈ ಮಾತನ್ನು ಗೌಂಡಿಯ ಹತ್ತಿರ ಸ್ಲ್ಯಾಬ್ ಹಾಕುವ ಮೊದಲೇ ಎತ್ತುವುದು ಒಳ್ಳೆಯದು. ಕೇಂದ್ರ ಸರ್ಕಾರದ ಇಕೋ ನಿವಾಸ್ ಸಂಹಿತಾ 2018ರ ಪ್ರಕಾರ ವಾಸದ ಮನೆಯ ಛಾವಣಿ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಬಿಡಬಾರದು. ಬರಿ ಸ್ಲ್ಯಾಬ್ ಬಿಡುವುದು ಮೂರಕ್ಕೂ ಹೆಚ್ಚು. ಎರಡು ಇಂಚು ನಿರೋಧಕ ಹಾಕಿದರೆ 0.6ರ ಸುತ್ತಮುತ್ತ.

ಇಷ್ಟು ಹೇಳಿದ ಮೇಲೆ ನನ್ನ ಗೆಳತಿಯ ವಿಷಯ ಬಿಡಲಾಗುವುದಿಲ್ಲ. ಅವಳ ಮನೆಯವರು ಪತ್ರಾಸಿನ ಬಾಡಿಗೆ ಕೋಣೆಯಲ್ಲಿದ್ದಾರೆ. ತಟ್ಟಿ ಕಟ್ಟುತ್ತೇವೆ, ಖರ್ಚು ಅರ್ಧ ಕೊಡಿ ಎಂದು ಕೇಳಿದರೆ ಮಾಲೀಕರು, "ಬಾಡಿಗೆಗೆ ಕೊಟ್ಟದ್ದು ಕೋಣೆ, ಎಸಿ ಅಲ್ಲ" ಎಂದರಂತೆ. ಕರೆಂಟ್ ಬಿಲ್ ಕಟ್ಟುವವರು ಬಾಡಿಗೆದಾರರು, ಮಾಳಿಗೆಯ ಮಾತು ಮಾಲೀಕರದು. ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು ಆಗುವ ಕಡೆ ಯಾರೂ ಕೈ ಹಾಕುವುದಿಲ್ಲ. ಇದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಉತ್ತರ ಸಿಕ್ಕಿಲ್ಲ. ಅವರು ಕೊನೆಗೆ ತಮ್ಮ ಹಣದಲ್ಲೇ ತಟ್ಟಿ ಕಟ್ಟಿದರು. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗುವಂತೆ ಆಣಿ ಹೊಡೆಯದೆ ಹಗ್ಗದಲ್ಲಿ ಕಟ್ಟಿದ್ದಾರೆ.

ಈ ಸಂಚಿಕೆ ನಿಮ್ಮ ಕೈಗೆ ಬರುವಾಗ ಫೆಬ್ರುವರಿ ಮುಗಿಯುತ್ತಿರುತ್ತದೆ. ನಮಗೆ ದ್ವಿತೀಯ ಪಿಯುಸಿಯವರಿಗೆ ಪರೀಕ್ಷೆ, ಅದರ ಬೆನ್ನಿಗೇ ಬಿಸಿಲು. ಪರೀಕ್ಷೆಗೆ ಮೊದಲಿನ ಭಾನುವಾರ ನಮ್ಮ ಮಾಳಿಗೆಗೆ ಈ ವರ್ಷದ ಸುಣ್ಣ. ನನ್ನ ಥರ್ಮಾಮೀಟರನ್ನು ಲೈಬ್ರರಿಯಲ್ಲಿ ಕೊಟ್ಟಿದ್ದೇನೆ. ಪುಸ್ತಕದಂತೆಯೇ ರಿಜಿಸ್ಟರಿನಲ್ಲಿ ಸಹಿ ಮಾಡಿ ಮೂರು ದಿನಕ್ಕೆ ಒಯ್ಯಬಹುದು, ಸಿಬ್ಬಂದಿಯವರೂ ಸಹ. ಸೆಲ್ ತೀರಿದರೆ ಹೊಸದು ಹಾಕಿಸಿ ಕೊಡಿ, ಟೇಪ್ ನಿಮ್ಮದೇ ತನ್ನಿ.