ಲಾಳ ಒಂದೇ ಮಗ್ಗುಲಿಗೆ ಸವೆಯುವುದೇಕೆ?

ಗಾಡಿ ಕುದುರೆಯ ಲಾಳ ಒಂದೇ ಮಗ್ಗುಲಿಗೆ ಸವೆದರೆ ಕಬ್ಬಿಣ ಕಳಪೆಯೆಂದು ದೂರುವುದು ವಾಡಿಕೆ. ಆದರೆ ಅನೇಕ ವೇಳೆ ಕಾರಣವಿರುವುದು ಕಾಲಿನ ಓರೆಯಲ್ಲಿ.

ಕುದುರೆಯನ್ನು ಸಮನೆಲದ ಮೇಲೆ ನಿಲ್ಲಿಸಿ ಮುಂದಿನಿಂದ ನೋಡಿರಿ. ಬಳಿಕ ನಿಮ್ಮತ್ತ ನೇರವಾಗಿ ನಡೆಸಿರಿ. ಗೊರಸಿನ ತುದಿ ಒಳಕ್ಕೆ ತಿರುಗಿದ್ದರೆ ಸಾಮಾನ್ಯವಾಗಿ ಹೊರ ಅಂಚು ಮೊದಲು ನೆಲ ಮುಟ್ಟುತ್ತದೆ. ಅದೇ ಹೆಚ್ಚು ಸವೆಯುತ್ತದೆ. ತುದಿ ಹೊರಕ್ಕೆ ತಿರುಗಿದ್ದರೆ ಒಳ ಅಂಚು ಸವೆಯುತ್ತದೆ. ನಡೆಯುವಾಗ ಒಂದು ಕಾಲು ಮತ್ತೊಂದಕ್ಕೆ ತಾಗಿ ಗಾಯವಾಗುವುದೂ ಉಂಟು. ಓರೆ ಗೊರಸಿನ ಮೇಲೆಯೇ ದುಡಿಸಿದರೆ ಕೀಲು ನೊಂದು ಕುದುರೆ ಕುಂಟಬಹುದು.

ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಆದುದರಿಂದ ಲಾಳ ಗಟ್ಟಿಯಾಗಿದ್ದರೂ 6ರಿಂದ 8 ವಾರಗಳಿಗೊಮ್ಮೆ ಬಿಚ್ಚಿಸಿ, ಎತ್ತರವಾಗಿ ಉಳಿದ ಮಗ್ಗುಲನ್ನು ಹೆರೆಸಿ, ಗೊರಸನ್ನು ಸಮಮಾಡಿಸಿ ಮತ್ತೆ ಲಾಳ ಕಟ್ಟಿಸಿರಿ. ಹಳೆಯ ಲಾಳವನ್ನು ಎಸೆಯದೆ ಲಾಳ ಕಟ್ಟುವವರಿಗೆ ತೋರಿಸಿರಿ. ಭಾರ ಯಾವ ಕಡೆ ಬೀಳುತ್ತಿದೆಯೆಂದು ಅದರಿಂದ ತಿಳಿಯುತ್ತದೆ.

ಬೆಳೆದ ಕುದುರೆಯ ಸೊಟ್ಟಗಾಲನ್ನು ಗೊರಸು ಹೆರೆದು ನೇರಮಾಡಲು ಹೋಗಕೂಡದು, ಕೀಲಿಗೆ ಪೆಟ್ಟಾಗುತ್ತದೆ. ಮರಿಯ ಕಾಲು ಓರೆಯಾಗಿ ಕಂಡರೆ ಮಾತ್ರ ತಡಮಾಡದೆ, ಹುಟ್ಟಿದ ಮೊದಲ ವಾರಗಳಲ್ಲೇ ಪಶುವೈದ್ಯರಿಗೆ ತೋರಿಸಿರಿ. ಎಳೆಯ ಮೂಳೆ ತಿದ್ದುವ ಕಾಲ ಬೇಗ ಕಳೆದುಹೋಗುತ್ತದೆ.