ತಾಯಿಯ ನೆನಪು ಗಟ್ಟಿ ಇರುವಾಗಲೇ ಪವರ್

ಅತ್ತಾವರದ ಫ್ಲ್ಯಾಟಿನಲ್ಲಿ ತಾಯಿ ಒಬ್ಬರೇ, ಮಕ್ಕಳು ದುಬೈ, ಬೆಂಗಳೂರುಗಳಲ್ಲಿ. ಇಂಥ ಮನೆಗಳು ಮಂಗಳೂರಿನಲ್ಲಿ ಒಂದೆರಡಲ್ಲ. ಕೆಎಂಸಿ ಆಸ್ಪತ್ರೆ ಹತ್ತಿರದಲ್ಲೇ ಇರುವುದರಿಂದ ವೈದ್ಯರ ಚಿಂತೆ ಅಷ್ಟಿಲ್ಲ. ತೊಡಕು ಬರುವುದು ಬ್ಯಾಂಕು, ಬಾಡಿಗೆ ಕರಾರು, ಜಾಗದ ಮಾರಾಟ ಎಂದು ಸಹಿ ಬೇಕಾದಾಗ. ‘ಒಂದು ಪವರ್ (ಪವರ್ ಆಫ್ ಅಟಾರ್ನಿ, ಅಂದರೆ ಅಧಿಕಾರಪತ್ರ) ಮಾಡಿಸಿಬಿಡೋಣ’ ಎಂಬ ಮಾತು ಹುಟ್ಟುವುದು ಆಗಲೇ. ಹಲವು ಬಾರಿ ಹೊತ್ತು ಮೀರಿರುತ್ತದೆ.

1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಮರೆವಿನ ಕಾಯಿಲೆ ಬಲಿತ ಮೇಲೆ ಹೊಸ ಪತ್ರ ಮಾಡಿಸುವಂತಿಲ್ಲ, ಮೊದಲೇ ಮಾಡಿಸಿಟ್ಟದ್ದೂ ನಿಲ್ಲುವುದಿಲ್ಲ. ಬುದ್ಧಿ ಕೈಕೊಟ್ಟ ಮೇಲೂ ಬಾಳುವ ಅಧಿಕಾರಪತ್ರಕ್ಕೆ ಇಂಗ್ಲೆಂಡಿನ 2005ರ ಕಾಯ್ದೆಯಲ್ಲಿ ಎಡೆಯಿದೆ, ನಮ್ಮಲ್ಲಿಲ್ಲ. ನನ್ನ ಮಟ್ಟಿಗೆ ಇದು ನಮ್ಮ ಕಾನೂನಿನ ದೊಡ್ಡ ತೂತು.

ಆ ಹಂತ ತಲುಪಿದರೆ ಉಳಿಯುವುದು ಕೋರ್ಟು. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು: ವೈದ್ಯಕೀಯ ಮಂಡಳಿಯ ತಪಾಸಣೆ, ಕಂದಾಯ ಅಧಿಕಾರಿಯ ಭೇಟಿ, ಆಸ್ತಿಯ ಲೆಕ್ಕ. ಇಂಥ ನೇಮಕಕ್ಕೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಅರ್ಜಿ ಎಂದರೆ ಮಂಗಳೂರಿನವರು ಘಾಟಿ ಹತ್ತಿ ಬೆಂಗಳೂರಿಗೇ ಹೋಗಬೇಕು.

ಇನ್ನು ಹೊತ್ತು ಮೀರುವ ಮೊದಲೇ ಪವರ್ ಮಾಡಿಸುವ ಕ್ರಮದ ವಿಚಾರ. ಅಧಿಕಾರ ಕೊಡುವವರು ತಾಯಿ, ಆದ್ದರಿಂದ ಸಹಿಯೂ ಅವರದೇ. ಪವರ್ ಪಡೆಯಲು ದುಬೈಯ ಮಗ ಕಾನ್ಸುಲೇಟಿಗೆ ಓಡಬೇಕಾಗಿಲ್ಲ. ಫ್ಲ್ಯಾಟಿನಲ್ಲಿ ಅವನ ಹೆಸರೂ ಇದ್ದು, ಅವನ ಪಾಲಿಗೂ ಇಲ್ಲಿ ಯಾರಾದರೂ ಸಹಿ ಹಾಕಬೇಕೆಂದಾಗ ಮಾತ್ರ ಅಲ್ಲಿ ದೃಢೀಕರಿಸಿ ಕಳುಹಿಸಬೇಕು. ಆ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು.

ತಾಯಿಯ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸುವ ಅಧಿಕಾರವಾದರೆ ನೋಟರಿ ಮುದ್ರೆ ಸಾಲದು. 1908ರ ನೋಂದಣಿ ಕಾಯ್ದೆಯ 33ನೇ ಕಲಮಿನಂತೆ ಉಪನೋಂದಣಾಧಿಕಾರಿ ಅದನ್ನು ದೃಢೀಕರಿಸಿರಬೇಕು. ಹಾಸಿಗೆ ಹಿಡಿದವರು ಕಚೇರಿಗೆ ಬರಲೇಬೇಕೆಂದಿಲ್ಲ, ಅಧಿಕಾರಿ ಮನೆಗೆ ಬಂದು ವಿಚಾರಿಸಲು ಕಾನೂನಿನಲ್ಲಿ ಅವಕಾಶವಿದೆ. ವೈದ್ಯರ ಪ್ರಮಾಣಪತ್ರ ಜೊತೆಗಿದ್ದರೆ ಮುಂದೆ ಯಾರಾದರೂ ‘ತಾಯಿಗೆ ಆಗಲೇ ಅರಿವಿರಲಿಲ್ಲ’ ಎಂದು ತಕರಾರು ತೆಗೆದಾಗ ಉಪಯೋಗಕ್ಕೆ ಬರುತ್ತದೆ.

ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಯಲ್ಲಿ ‘ಸಕಲ ಅಧಿಕಾರ’ ಎಂದಿದ್ದರೆ ಹೊಡೆದು ಹಾಕಿಸಿ. ಬಾಡಿಗೆ ವಸೂಲಿಗೆ ಬೇಕಾದ ಅಧಿಕಾರ ಬೇರೆ, ಮಾರುವ ಅಧಿಕಾರ ಬೇರೆ. ಯಾವ ಕೆಲಸ, ಯಾವ ಆಸ್ತಿ ಎಂದು ಬರೆಸಿ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಕೈಗೆ ಬಂತೆಂದು ಮಗ ಮಾಲೀಕನಾಗುವುದಿಲ್ಲ. ಕ್ರಯಪತ್ರವಿಲ್ಲದೆ ಬರಿಯ ಜಿಪಿಎ ಮೂಲಕ ಮಾಡುವ ‘ಮಾರಾಟ’ದಿಂದ ಹಕ್ಕು ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬುದ್ಧಿ ಚುರುಕಾಗಿದ್ದು ಕೈ ಮಾತ್ರ ನಡುಗುವ ತಾಯಿಗೆ ಪವರ್ ಬೇಡವೇ ಬೇಡ ಎನ್ನಬಹುದು. ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿ ಬ್ಯಾಂಕಿನಿಂದ ಹಣ ತೆಗೆಯಲು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಸಾಮಾನ್ಯವಾಗಿ ಇಂಥ ಪತ್ರವನ್ನು ತಾಯಿ ಯಾವಾಗ ಬೇಕಾದರೂ ರದ್ದುಪಡಿಸಬಹುದು. ಆದರೆ ರದ್ದಾದದ್ದು ಗೊತ್ತಿಲ್ಲದವರೊಡನೆ ಮುಖ್ತಾರ (ಪವರ್ ಪಡೆದವನು) ಮಾಡಿಕೊಂಡ ವ್ಯವಹಾರ ತಾಯಿಯನ್ನೇ ಕಟ್ಟಿಹಾಕಬಹುದು. ಹಾಗಾಗಿ ರದ್ದತಿಯ ನೋಟಿಸು ಮಗನಿಗಷ್ಟೇ ಸಾಲದು. ಬ್ಯಾಂಕಿಗೆ, ಬಾಡಿಗೆದಾರರಿಗೆ, ಉಪನೋಂದಣಿ ಕಚೇರಿಗೆ ಅಂದೇ ತಲುಪಲಿ.