ಮದಾತ್ಯಯ: ಮರುದಿನದ ಉಪಚಾರ

ಮದ್ಯಪಾನದ ಮರುದಿನ ಕಾಡುವ ದಾಹ, ತಲೆನೋವು, ಓಕರಿಕೆಗಳು ಮನೆಯವರಿಗೆ ನಾಚಿಕೆಯ ಸಂಗತಿ. ವೈದ್ಯನಿಗೆ ಅದೊಂದು ವ್ಯಾಧಿ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯಕ್ಕೆಂದೇ ಒಂದು ಅಧ್ಯಾಯವಿದೆ. ಮದ್ಯವು ಮೂತ್ರವನ್ನು ಹೆಚ್ಚಿಸಿ ಶರೀರದ ನೀರನ್ನು ಹೊರಹಾಕುತ್ತದೆ, ಜಠರದ ಒಳಪದರವನ್ನು ಕೆರಳಿಸುತ್ತದೆ.

ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬೇಕು, ಚಮಚವು ಚಹಾದ್ದಿರಲಿ. ಇದನ್ನು ಗುಟುಕು ಗುಟುಕಾಗಿ ಕೊಡಬೇಕು. ವಾಂತಿಯಾದರೆ 10 ನಿಮಿಷ ತಡೆದು ಮತ್ತೆ ಆರಂಭಿಸಬೇಕು. ಹೊಟ್ಟೆ ಒಪ್ಪಿದ ಮೇಲೆ ತೆಳುಗಂಜಿ, ನೀರುಮಜ್ಜಿಗೆ ಹಿತಕರ. ಖರ್ಜೂರ, ದ್ರಾಕ್ಷಿ, ದಾಳಿಂಬೆ, ನೆಲ್ಲಿ, ಹುಣಸೆಗಳನ್ನು ನೆನೆಸಿ ಕಿವುಚಿ ಸೋಸಿದ ಪಾನಕವನ್ನು ನಾವು ಇಂದಿಗೂ ಹೇಳುತ್ತೇವೆ. ಮಧುಮೇಹಿಗಳಿಗೆ ಮಾತ್ರ ಅದು ಸಲ್ಲದು. ಖಾರದ ಸಾರು ಬೇಡ. ತಲೆನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಕೆಲವು ಯಕೃತ್ತಿಗೂ ಕೆಲವು ಜಠರಕ್ಕೂ ಅಪಾಯಕರ. ಎಚ್ಚರವಿಲ್ಲದವನ ಬಾಯಿಗೆ ಮಜ್ಜಿಗೆ ಸುರಿಯುವ ರೂಢಿಯಂತೂ ಪ್ರಾಣಾಂತಿಕ. ಅವನನ್ನು ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು. ರಕ್ತವಾಂತಿ, ಕಪ್ಪು ಮಲ, ಬೆನ್ನಿಗೆ ಹಬ್ಬುವ ಹೊಟ್ಟೆನೋವು ಕಂಡರೂ ಹಾಗೆಯೇ.

ನಿತ್ಯ ಕುಡಿಯುವವರ ವಿಷಯ ಬೇರೆ. ಗದ್ದುಗೆಯ ಮುಂದೆ ಆಣೆಯಿಟ್ಟು ಒಮ್ಮೆಲೇ ಬಿಟ್ಟವರಿಗೆ ಎರಡು ಮೂರು ದಿನಗಳೊಳಗೆ ಕೈನಡುಕ, ಬೆವರು, ಭ್ರಮೆ, ಸೆಳವು ಬರಬಹುದು. ಸಂಕಲ್ಪವು ಶ್ಲಾಘ್ಯವೇ, ಆದರೆ ಈ ಲಕ್ಷಣಗಳು ಗಂಜಿ ಪಾನಕಗಳಿಗೆ ಬಗ್ಗುವಂಥವಲ್ಲ. ಅಂಥವರು ವೈದ್ಯರ ನಿಗಾದಲ್ಲಿಯೇ ಬಿಡಬೇಕು. ಆಸ್ಪತ್ರೆಯಲ್ಲಿ ಎಷ್ಟು ಕುಡಿಯುತ್ತಿದ್ದರು, ಎಂದು ನಿಲ್ಲಿಸಿದರು ಎಂಬುದನ್ನು ಮನೆಯವರು ಮರೆಮಾಚದೆ ತಿಳಿಸಬೇಕು.